ಇದ್ದೂ ಇಲ್ಲದ ವೈ-ಫೈ

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಒಂದೊಂದೇ ಬಿಡಿಭಾಗ ತಂದು ಅಕ್ಕನ ಮಗ ಕಂಪ್ಯೂಟರ್ ಜೋಡಿಸಿದ್ದ. ಅದರ ಮೇಲೆ ಆ್ಯಪಲ್‌ನ ಮ್ಯಾಕ್‌ಓಎಸ್ ಕೂರಿಸಿದ. ಇಂಥ ಯಂತ್ರಕ್ಕೆ ಹ್ಯಾಕಿಂತೋಷ್ ಎನ್ನುವುದು ವಾಡಿಕೆ. ಪರದೆ ಬೆಳಗಿತು, ಸ್ಪೀಕರ್ ಸದ್ದು ಮಾಡಿತು. ವೈ-ಫೈ ಮಾತ್ರ ಇಲ್ಲ. ಒತ್ತಿದರೆ ಹಾರ್ಡ್‌ವೇರೇ ಇಲ್ಲ ಎನ್ನುತ್ತಿತ್ತು. ಕಾರ್ಡ್ ಸುಟ್ಟಿದೆ ಅಂದುಕೊಂಡು ಹುಡುಗ ಮಾರನೆಯ ದಿನ ಅಂಗಡಿಗೆ ಹೊರಟಿದ್ದ. ಅದಕ್ಕೂ ಮೊದಲು ಅದೇ ಯಂತ್ರವನ್ನು ಲಿನಕ್ಸ್ ಇದ್ದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದೆವು. ಅಕ್ಕಪಕ್ಕದ ಮನೆಗಳ ವೈ-ಫೈ ಹೆಸರುಗಳೆಲ್ಲ ಸಾಲಾಗಿ ಬಂದವು.

ಕಾರ್ಡ್ ಗಟ್ಟಿಯಾಗಿಯೇ ಇತ್ತು. ಮ್ಯಾಕ್‌ಓಎಸ್‌ಗೆ ಅದರ ಪರಿಚಯವಿರಲಿಲ್ಲ.

ಆ ಪರಿಚಯ ಮಾಡಿಸುವ ತಂತ್ರಾಂಶವೇ ಡ್ರೈವರ್. ಆ್ಯಪಲ್ ತನ್ನ ಗಣಕಗಳೊಳಗೆ ತಾನೇ ಹಾಕಿದ ವೈ-ಫೈ ಚಿಪ್‌ಗಳಿಗಷ್ಟೇ ಡ್ರೈವರ್ ಕೊಡುತ್ತದೆ. ಬಹಳ ವರ್ಷ ಅವು ಬ್ರಾಡ್‌ಕಾಮ್‌ನವು. ನಮ್ಮ ಪೇಟೆಯ ಮದರ್‌ಬೋರ್ಡ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಇಂಟೆಲ್, ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್. ಆ್ಯಪಲ್‌ನ ಪರವಾನಗಿಯೂ ಮ್ಯಾಕ್‌ಓಎಸ್ ಅನ್ನು ಅದರದೇ ಗಣಕಗಳಿಗೆ ಸೀಮಿತಗೊಳಿಸಿದೆ. ಹಾಗಾಗಿ ಇಲ್ಲಿ ದೂರು ಹೇಳಿಕೊಳ್ಳಲು ಸರ್ವಿಸ್ ಸೆಂಟರ್ ಇಲ್ಲ. ನಾವೇ ಹುಡುಕಬೇಕು.

ಹುಡುಕಾಟ ಶುರುವಾಗಬೇಕಾದ್ದು ಚಿಪ್‌ನ ಗುರುತಿನಿಂದ. ಡಬ್ಬದ ಮೇಲಿನ ಹೆಸರನ್ನು ನಾನು ನಂಬುವುದಿಲ್ಲ. ಒಂದೇ ಹೆಸರಿನಡಿ ಬೇರೆ ಬೇರೆ ಚಿಪ್ ಬರುವುದುಂಟು. ವೈ-ಫೈ ಕಾರ್ಡ್‌ನಂಥ ಪಿಸಿಐ ಸಾಧನ ಪ್ರತಿಯೊಂದೂ ತಯಾರಕರ ಸಂಖ್ಯೆ, ತನ್ನ ಸಂಖ್ಯೆ ಎರಡನ್ನೂ ಹೊತ್ತಿರುತ್ತದೆ. ಬ್ರಾಡ್‌ಕಾಮ್‌ನದು 14ಇ4, ರಿಯಲ್‌ಟೆಕ್‌ನದು 10ಇಸಿ. ಇಂಟೆಲ್‌ನದು 8086. ಅದು 1978ರಲ್ಲಿ ಇಂಟೆಲ್ ಹೊರತಂದ ಪ್ರೊಸೆಸರ್‌ನ ಹೆಸರು. ಅಷ್ಟು ಹಳೆಯ ಚಿಪ್‌ನ ಹೆಸರು ಇವತ್ತಿನ ವೈ-ಫೈ ಕಾರ್ಡ್‌ನ ಮೇಲೂ ಮನೆತನದ ಹೆಸರಿನಂತೆ ಅಂಟಿಕೊಂಡು ಬಂದಿರುವುದನ್ನು ಕಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ. ನಮ್ಮ ಕಾರ್ಡ್‌ನಲ್ಲೂ 8086 ಕಂಡಿತು.

ಇಂಟೆಲ್ ಆದರೆ ದಾರಿಯಿದೆ. ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಬರೆದ ಇಂಟೆಲ್ ಡ್ರೈವರನ್ನು ಆಧರಿಸಿ ಉತ್ಸಾಹಿಗಳು ಮ್ಯಾಕ್‌ಓಎಸ್‌ಗೆ ಐಟಿಎಲ್‌ಡಬ್ಲ್ಯುಎಂ ಎಂಬ ಡ್ರೈವರ್ ಕಟ್ಟಿದ್ದಾರೆ. ಯಾರೋ ಬರೆದು ತೆರೆದಿಟ್ಟ ಕೋಡ್ ಅವರು ನೆನೆಸಿಯೂ ಇರದ ಯಂತ್ರದಲ್ಲಿ ಜೀವ ತಳೆಯುತ್ತದೆ. ಮುಕ್ತ ತಂತ್ರಾಂಶದ ಬಗ್ಗೆ ನನ್ನ ಗೌರವ ಇಂಥ ರಾತ್ರಿಗಳಲ್ಲಿ ಬೆಳೆದದ್ದು. ಕಡತವನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಮ್ಯಾಕ್‌ಓಎಸ್ ಅನ್ನು ಎಬ್ಬಿಸುವ ಓಪನ್‌ಕೋರ್ ಬೂಟ್‌ಲೋಡರ್‌ನಲ್ಲಿ ಡ್ರೈವರ್‌ಗಳನ್ನಿಡುವ ಕೆಕ್ಸ್ಟ್ ಫೋಲ್ಡರ್‌ಗೆ ಹಾಕಿದೆವು. ಏನೂ ಆಗಲಿಲ್ಲ. ಫೋಲ್ಡರ್‌ನಲ್ಲಿ ಇಟ್ಟರೆ ಸಾಲದು, ಕಾನ್ಫಿಗ್ ಪಟ್ಟಿಯಲ್ಲೂ ಅದರ ಹೆಸರು ಸೇರಿಸಬೇಕು. ಬಹಳ ಜನ ಎಡವುವುದು ಇಲ್ಲೇ. ಹೆಸರು ಸೇರಿಸಿ ರೀಸ್ಟಾರ್ಟ್ ಮಾಡಿದಾಗ ಡ್ರೈವರ್ ಎದ್ದಿತು. ಇದು ವೈ-ಫೈಯನ್ನು ಈಥರ್ನೆಟ್ ಎಂದು ತೋರಿಸುವುದರಿಂದ ನೆಟ್‌ವರ್ಕ್ ಆರಿಸಲು ಹೆಲಿಪೋರ್ಟ್ ಎಂಬ ಆ್ಯಪ್ ಬೇಕು.

ಆದರೂ ಸಿಗ್ನಲ್ ಕ್ಷೀಣ. ಹಿಂಬದಿಯ ಎರಡು ಆ್ಯಂಟೆನಾಗಳಲ್ಲಿ ಒಂದನ್ನು ಹುಡುಗ ತಿರುಗಿಸಿ ಬಿಗಿದೇ ಇರಲಿಲ್ಲ.

ಬ್ರಾಡ್‌ಕಾಮ್ ಕಾರ್ಡ್ ಹುಡುಕಿ ಹಾಕಿಕೊಂಡವರ ಕಥೆ ಬೇರೆ. ಮ್ಯಾಕ್‌ಓಎಸ್‌ನ 2023ರ ಸೊನೋಮಾ ಆವೃತ್ತಿ ಹಳೆಯ ಬ್ರಾಡ್‌ಕಾಮ್ ಚಿಪ್‌ಗಳ ಬೆಂಬಲವನ್ನೇ ಕಿತ್ತುಹಾಕಿತು. ಹಿಂದಿನ ದಿನ ಓಡುತ್ತಿದ್ದ ವೈ-ಫೈ ಅಪ್‌ಡೇಟ್ ಆದೊಡನೆ ಮಾಯ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ತಂತ್ರಾಂಶದಿಂದ ಅದನ್ನು ಮರಳಿ ತರಬಹುದು. ಆದರೆ ವ್ಯವಸ್ಥೆಯ ಭದ್ರತಾ ಬೇಲಿಯನ್ನು ಸಡಿಲಿಸಬೇಕು. ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ನಾನು ಆ ಕೆಲಸ ಮಾಡಲಾರೆ. ಅಲ್ಲಿ ಈಥರ್ನೆಟ್ ಕೇಬಲ್ ಎಳೆಯುವುದೇ ಲೇಸು.

ಹ್ಯಾಕಿಂತೋಷ್‌ಗೆ ಆಧಾರವಾದ, ಇಂಟೆಲ್ ಪ್ರೊಸೆಸರ್‌ಗೆ ಬರುವ ಕೊನೆಯ ಮ್ಯಾಕ್‌ಓಎಸ್ 2025ರ ಟಾಹೋ ಎಂದು ಆ್ಯಪಲ್ ಹೇಳಿಯಾಗಿದೆ. ಹುಡುಗನಿಗೆ ಅದು ಗೊತ್ತು. ಎರಡನೆಯ ಎಸ್‌ಎಸ್‌ಡಿಯಲ್ಲಿ ಅವನು ಈಗಾಗಲೇ ಲಿನಕ್ಸ್ ಹಾಕಿಟ್ಟಿದ್ದಾನೆ. ಅಲ್ಲಿ ವೈ-ಫೈ ಮೊದಲ ರಾತ್ರಿಯಿಂದಲೂ ಇದೆ.