ಕಣ್ಣಿನೊಳಗಿನ ಚುಕ್ಕೆ: ಊರಿನವರಿಗೂ ಗೊತ್ತಿರಲಿ

ಕುವೈತ್‌ನಲ್ಲಿ ಶುಕ್ರವಾರ ನಾವು ನಾಲ್ಕು ಮನೆಯವರು ಸೇರಿದರೆ ಮಾತು ಇಕಾಮಾ, ವಿಮಾನದ ಟಿಕೆಟ್ ದರ, ಮಕ್ಕಳ ಕಾಲೇಜು ಸೀಟು ಎಲ್ಲ ಮುಗಿಸಿ ಕೊನೆಗೆ ಬಂದು ನಿಲ್ಲುವುದು ಶುಗರ್ ಬಳಿ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನ ಪ್ರಕಾರ ಈ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮಧುಮೇಹವಿದೆ. ಈ ಕಾಯಿಲೆಗೆಂದೇ 2006ರಲ್ಲಿ ಇಲ್ಲಿ ದಸ್ಮಾನ್ ಡಯಾಬಿಟಿಸ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಭಾರತೀಯರಾದ ನಾವಂತೂ ಅದರ ಬೀಜವನ್ನು ಊರಿನಿಂದಲೇ ಮೈಯಲ್ಲಿ ಹೊತ್ತು ತಂದಿರುತ್ತೇವೆ. ಖುಬ್ಬೂಸ್, ಎರಡು ಹೊತ್ತು ಅನ್ನ, ಹಾಲಿನ ಕಡಕ್ ಚಹಾ ಮತ್ತು ಕುರ್ಚಿ ಬಿಟ್ಟೇಳದ ಕೆಲಸ ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಈಚೆಗೆ ಆ ಮಾತಿಗೆ ಕಣ್ಣೂ ಸೇರಿಕೊಂಡಿದೆ. ಪೇಪರ್ ಓದಲು ತೊಂದರೆಯಿಲ್ಲ, ಎಕ್ಸೆಲ್‌ನ ಚಿಕ್ಕ ಅಂಕಿಯೂ ಸ್ಪಷ್ಟ. ಆದರೂ ವರ್ಷದ ತಪಾಸಣೆಯಲ್ಲಿ ರೆಟಿನಾದ ಫೋಟೊ ತೆಗೆಸಿದಾಗ ವರದಿಯಲ್ಲಿ ‘ಡಯಾಬಿಟಿಕ್ ರೆಟಿನೋಪತಿ, ಆರಂಭದ ಹಂತ’ ಎಂಬ ಸಾಲು. ನಮ್ಮ ಬಳಗದ ಕೆಲವರಿಗೆ, ಈ ಬರಹ ಬರೆಯುತ್ತಿರುವ ಮನೆಗೂ, ಆ ಸಾಲು ಬಂದಿದೆ. ಆ ರಾತ್ರಿ ನಮ್ಮ ತಲೆಯಲ್ಲಿ ಓಡುವ ಲೆಕ್ಕ ಒಂದೇ: ಕಣ್ಣು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಇಕಾಮಾ ಹೋಯಿತು, ಊರಲ್ಲಿ ಕಟ್ಟಿಸುತ್ತಿರುವ ಮನೆಯ ಸಾಲದ ಕಂತಿಗೆ ಏನು ಗತಿ? ಬೆಳಗಾದರೆ ಇನ್ನೊಂದು ತೀರ್ಮಾನ: ಊರಿಗೆ ಹೇಳುವುದು ಬೇಡ, ಸುಮ್ಮನೆ ಗಾಬರಿಯಾಗುತ್ತಾರೆ.

ಹೇಳುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಮೊದಲು ಆ ಸಾಲಿನ ಅರ್ಥ ಎರಡೂ ಕಡೆಯವರಿಗೆ ಗೊತ್ತಿರಬೇಕು. ಕಣ್ಣಿನ ಹಿಂಭಾಗದಲ್ಲಿ, ಕ್ಯಾಮೆರಾದ ಫಿಲ್ಮ್‌ನಂತೆ ಕೆಲಸ ಮಾಡುವ ಪದರವೇ ರೆಟಿನಾ. ಸಕ್ಕರೆ ಅಂಶ ವರ್ಷಗಟ್ಟಲೆ ಹೆಚ್ಚಿದ್ದರೆ ಅಲ್ಲಿನ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಗೋಡೆ ಸಡಿಲಗೊಂಡು ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಫೋಟೊದಲ್ಲಿ ಕಾಣುವ ಕೆಂಪು ಚುಕ್ಕೆಗಳು ಇವೇ. ಈ ಹಂತದಲ್ಲಿ ಸಾಮಾನ್ಯವಾಗಿ ದೃಷ್ಟಿ ಕೆಡುವುದಿಲ್ಲ, ನೋವಿಲ್ಲ, ಲೇಸರ್ ಬೇಡ, ಇಂಜೆಕ್ಷನ್ ಬೇಡ. ಮುಂದೆ ನಾಳಗಳು ಸೋರಿ ದೃಷ್ಟಿಯ ನಡುಭಾಗ ಊದಿಕೊಂಡರೆ ಅಥವಾ ದುರ್ಬಲವಾದ ಹೊಸ ನಾಳಗಳು ಬೆಳೆದು ಒಡೆದರೆ ಕಷ್ಟ. ಅದಕ್ಕೂ ಚಿಕಿತ್ಸೆಯಿದೆ, ಆದರೆ ಸಮಯಕ್ಕೆ ಗೊತ್ತಾಗಬೇಕು. ಕಂಪನಿಯ ಮೆಡಿಕಲ್‌ನಲ್ಲಿ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದರೂ ಈ ಚುಕ್ಕೆಗಳು ಪತ್ತೆಯಾಗುವುದಿಲ್ಲ. ಫೋಟೊವನ್ನೇ ತೆಗೆಸಬೇಕು, ಇಲ್ಲವೇ ಹನಿ ಹಾಕಿ ಪಾಪೆ ಅಗಲಿಸಿ ವೈದ್ಯರೇ ನೋಡಬೇಕು. ನಡುವಯಸ್ಸಿನಲ್ಲಿ ಬರುವ ಮಧುಮೇಹವಾದರೆ ಕಾಯಿಲೆ ಗೊತ್ತಾದ ದಿನವೇ ಮೊದಲ ತಪಾಸಣೆ, ಆಮೇಲೆ ವರ್ಷಕ್ಕೊಮ್ಮೆ, ಬದಲಾವಣೆ ಕಂಡಿದ್ದರೆ ವೈದ್ಯರು ಹೇಳಿದಷ್ಟು ಬಾರಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಅಂಧತ್ವಕ್ಕೆ ಐದು ದಶಕ ಮೊದಲ ಕಾರಣವಾಗಿದ್ದದ್ದು ಇದೇ ಕಾಯಿಲೆ. ಮಧುಮೇಹಿಗಳೆಲ್ಲರ ರೆಟಿನಾ ಫೋಟೊ ತೆಗೆಯುವ ಕಾರ್ಯಕ್ರಮ ಬಂದ ಮೇಲೆ ಅದು ಮೊದಲ ಸ್ಥಾನದಿಂದ ಇಳಿಯಿತೆಂದು 2014ರಲ್ಲಿ ವರದಿಯಾಯಿತು. ಸಕ್ಕರೆಯ ಹತೋಟಿಯೂ ಸುಧಾರಿಸಿತ್ತು ಅನ್ನಿ, ಆದರೂ ಫೋಟೊಕ್ಕೆ ಸಲ್ಲಬೇಕಾದ ಶ್ರೇಯ ಸಣ್ಣದಲ್ಲ.

ಚುಕ್ಕೆ ಕಂಡ ಮೇಲೆ ಕಣ್ಣಿಗಿಂತ ಹೆಚ್ಚು ನೋಡಿಕೊಳ್ಳಬೇಕಾದ್ದು ಸಕ್ಕರೆ ಮತ್ತು ಬಿಪಿ. ಬ್ರಿಟನ್ನಿನಲ್ಲೇ ನಡೆದು 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ರೆಟಿನಾದ ಹಾನಿ ಮುಂದುವರಿಯುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ನಮ್ಮಲ್ಲಿ ಶುಗರ್ ಮಾತ್ರೆ ತಪ್ಪಿಸದವರೂ ಬಿಪಿ ಮಾತ್ರೆಯನ್ನು ‘ಈಗ ನಾರ್ಮಲ್ ಇದೆ’ ಎಂದು ಬಿಟ್ಟುಬಿಡುತ್ತಾರೆ. ಮಾತ್ರೆ ನುಂಗುತ್ತಿರುವುದರಿಂದಲೇ ಅದು ನಾರ್ಮಲ್ ಇರುವುದು!

ಲೆಕ್ಕಪತ್ರದವರ ಭಾಷೆಯಲ್ಲಿ ಹೇಳುವುದಾದರೆ, ಖಾಲಿ ಹೊಟ್ಟೆಯ ಶುಗರ್ ಆ ದಿನದ ಕ್ಯಾಶ್ ಬ್ಯಾಲೆನ್ಸ್. ಎರಡು ದಿನ ಪಥ್ಯ ಮಾಡಿ ಅದನ್ನು ಚೆಂದ ತೋರಿಸಬಹುದು. ಎಚ್‌ಬಿಎ1ಸಿ ಹಾಗಲ್ಲ, ಎರಡು ಮೂರು ತಿಂಗಳ ಲೆಕ್ಕವನ್ನೇ ಮುಂದಿಡುತ್ತದೆ. ಆಡಿಟರ್ ನಂಬುವುದು ಅದನ್ನೇ. ಹಾಗೆಂದು ಹೆದರಿ ಊಟ ಬಿಟ್ಟು ಒಂದೇ ತಿಂಗಳಲ್ಲಿ ಅದನ್ನು ಕೆಳಗೆ ಎಳೆಯಲು ಹೋಗಬಾರದು. ಬಹಳ ಕಾಲ ಹೆಚ್ಚಿದ್ದ ಸಕ್ಕರೆ ಥಟ್ಟನೆ ಇಳಿದರೆ ಕೆಲವರಲ್ಲಿ ರೆಟಿನಾದ ಬದಲಾವಣೆ ತಾತ್ಕಾಲಿಕವಾಗಿ ಹೆಚ್ಚುವುದುಂಟು. ಇನ್ಸುಲಿನ್ ಅಥವಾ ಹೊಸ ತೂಕ ಇಳಿಸುವ ಇಂಜೆಕ್ಷನ್ ಶುರು ಮಾಡುವವರು ಕಣ್ಣಿನ ವರದಿಯನ್ನು ಆ ವೈದ್ಯರಿಗೂ ತೋರಿಸಬೇಕು.

ಕುವೈತ್‌ನಲ್ಲಿ ಇದನ್ನೆಲ್ಲ ಪಾಲಿಸುವುದು ಹೇಗೆ ಎಂದು ಊರಿನವರು ಕೇಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವುದನ್ನೇ ಸರ್ಕಾರ ನಿಷೇಧಿಸುತ್ತದೆ, ಇನ್ನು ವಾಕಿಂಗ್ ಎಲ್ಲಿ? ಅವೆನ್ಯೂಸ್ ಮಾಲ್‌ನ ಒಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತೇವೆ, ಪರ್ಸ್ ಮನೆಯಲ್ಲೇ ಬಿಟ್ಟು. ಚಳಿಗಾಲದಲ್ಲಿ ಗಲ್ಫ್ ರೋಡ್‌ನ ಸಮುದ್ರದಂಚು ಇದ್ದೇ ಇದೆ. ಮೆಸ್‌ನಲ್ಲಿ ಉಣ್ಣುವವರ ಕಷ್ಟ ಬೇರೆ. ರಾತ್ರಿ ಹತ್ತಕ್ಕೆ ಸಿಗುವ ಅನ್ನವನ್ನು ಅರ್ಧ ಮಾಡಿ ಪಲ್ಯ ಹೆಚ್ಚು ಕೇಳುವುದಷ್ಟೇ ಅವರ ಕೈಯಲ್ಲಿರುವುದು. 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ಕ್ಲಿನಿಕ್‌ಗಳಲ್ಲಿ ವಿದೇಶಿಯರ ಔಷಧಕ್ಕೆ 5 ದಿನಾರ್, ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ 10 ದಿನಾರ್ ಶುಲ್ಕ ಬಂದಾಗ ಕಡಿಮೆ ಸಂಬಳದವರು ತಪಾಸಣೆಯನ್ನೇ ಮುಂದೂಡುವುದನ್ನು ನಾವು ನೋಡಿದೆವು. ಮನೆಯವರು ‘ಹಣ ಈ ತಿಂಗಳು ಸ್ವಲ್ಪ ಕಡಿಮೆ ಕಳಿಸಿ, ಕಣ್ಣು ತೋರಿಸಿ’ ಎಂದು ಒಂದು ಮಾತು ಹೇಳಿದರೆ ಅದಕ್ಕೆ ಇಲ್ಲಿ ಬಹಳ ಬೆಲೆಯಿದೆ. ವಿಷಯ ಊರಿಗೆ ತಿಳಿಸಬೇಕೆನ್ನುವುದು ಇದಕ್ಕೇ.

ಹನಿ ಹಾಕಿಸಿಕೊಂಡರೆ ಕೆಲವು ಗಂಟೆ ಮಂಜು ಮಂಜು, ಬೆಳಕು ಚುಚ್ಚುತ್ತದೆ, ಕಾರು ಓಡಿಸುವಂತಿಲ್ಲ. ಟ್ಯಾಕ್ಸಿ ಚಾಲಕರು, ಡೆಲಿವರಿಯವರು ರಜೆಯ ದಿನವೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಒಳ್ಳೆಯದು. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಎಳೆಗಳು ತೇಲಿದರೆ, ಪರದೆ ಬಿದ್ದಂತಾದರೆ ಮಾತ್ರ ರಜೆ ಕಾಯಬಾರದು, ಅದೇ ದಿನ ಆಸ್ಪತ್ರೆಗೆ.

ವರದಿಯ ಜತೆ ರೆಟಿನಾದ ಚಿತ್ರದ ಪ್ರತಿಯನ್ನೂ ಕೇಳಿ ಪಡೆಯಬೇಕು. ಕಳೆದ ವರ್ಷದ ಅಂಕಣ ಪಕ್ಕದಲ್ಲಿಲ್ಲದ ಬ್ಯಾಲೆನ್ಸ್ ಶೀಟ್‌ನಿಂದ ಏನು ತಿಳಿಯುತ್ತದೆ? ಊರಿನ ಡಾಕ್ಟರಿಗೂ ಹಾಗೆಯೇ, ಹಳೆಯ ಚಿತ್ರವಿದ್ದರೆ ಚುಕ್ಕೆ ಹೆಚ್ಚಿತೋ ಕಡಿಮೆಯಾಯಿತೋ ಹೇಳಬಲ್ಲರು. ನಮ್ಮವರು ರಜೆಗೆ ಬಂದಾಗ ಮದುವೆ, ಗೃಹಪ್ರವೇಶ, ಹೋಳಿಗೆ ಎಲ್ಲ ಮುಗಿಸಿ, ಹೊರಡಲು ಎರಡು ದಿನವಿರುವಾಗ ಆಸ್ಪತ್ರೆಗೆ ಓಡುವುದು ವಾಡಿಕೆ. ಬೆಂಗಳೂರಿನ ಮಿಂಟೋ ಇರಲಿ, ಮಂಗಳೂರಿನ ಖಾಸಗಿ ಆಸ್ಪತ್ರೆ ಇರಲಿ, ಕಣ್ಣಿನ ತಪಾಸಣೆಯನ್ನು ರಜೆಯ ಮೊದಲ ವಾರಕ್ಕೇ ಗೊತ್ತು ಮಾಡಿಡಿ. ಲೇಸರ್ ಅಥವಾ ಇಂಜೆಕ್ಷನ್ ಬೇಕೆಂದು ಹೇಳಿದರೆ ಮತ್ತೊಮ್ಮೆ ತೋರಿಸಲು ಆಗ ದಿನಗಳು ಉಳಿದಿರುತ್ತವೆ.