ತೂತುಕಾಸು, ಕವಡೆ, ಗಾಜಿನ ಮಣಿ

ಹಣವನ್ನು ಪೆಟ್ಟಿಗೆಯಲ್ಲಿಡದೆ ಕೊರಳಲ್ಲಿ ಧರಿಸುವ ರೂಢಿ ನಮ್ಮ ನಾಡಿನಲ್ಲಿ ಹೊಸದೇನೂ ಅಲ್ಲವಾದರೂ, ಹೊನ್ನಿನ ಕಾಸಿನ ಸರವನ್ನು ಅಕ್ಕಸಾಲಿಗನಿಂದ ಮಾಡಿಸಿಕೊಳ್ಳುವ ಗೃಹಿಣಿಗೂ, ಕೈಗೆ ದೊರೆತ ನಾಣ್ಯ, ಕವಡೆ, ಕನ್ನಡಿಯ ಚೂರು, ಗಾಜಿನ ಮಣಿಗಳನ್ನೆಲ್ಲ ತಾನೇ ಒಂದು ದಾರಕ್ಕೆ ತಂದು ಒಡವೆಯ ಪದವಿಗೇರಿಸುವ ತಾಂಡಾದ ಲಂಬಾಣಿ ಸ್ತ್ರೀಗೂ ಒಂದು ಅಂತರವುಂಟು: ಮೊದಲನೆಯವಳ ಆಭರಣಕ್ಕೆ ಬೆಲೆ ಬಂದುದು ಲೋಹದಿಂದ, ಎರಡನೆಯವಳದಕ್ಕೆ ಕಣ್ಣಿನ ಆಯ್ಕೆಯಿಂದ.

ಸಂತೆಗೂ ಸೈನ್ಯಕ್ಕೂ ಉಪ್ಪು, ಧಾನ್ಯಗಳನ್ನು ಎತ್ತುಗಳ ಮೇಲೆ ಹೇರಿಕೊಂಡು ದೇಶಸಂಚಾರ ಮಾಡುತ್ತಿದ್ದ ಈ ಲಂಬಾಣಿ ಜನಾಂಗಕ್ಕೆ ನೆಲಮಾಳಿಗೆಯಾಗಲಿ ಕಬ್ಬಿಣದ ತಿಜೋರಿಯಾಗಲಿ ಇರಲಿಲ್ಲವಾದುದರಿಂದ, ಗಳಿಸಿದುದನ್ನು ಮೈಮೇಲೆ ಧರಿಸುವುದೇ ಅದರ ರಕ್ಷಣೆಯಾಯಿತು. ರೈಲು ಬಂದು ಆ ವಾಣಿಜ್ಯವನ್ನು ಕಸಿದುಕೊಂಡ ಬಳಿಕವೂ ಪದ್ಧತಿ ಉಳಿಯಿತು. ತೋಳಿನ ದಂತದ ಬಳೆ ಮಾತ್ರ ಇಂದು ಪ್ಲಾಸ್ಟಿಕ್ಕಿಗೆ ಎಡೆಗೊಟ್ಟಿದೆ. ಆನೆಯ ದೃಷ್ಟಿಯಿಂದ ಇದು ಶುಭವಾರ್ತೆಯೇ.

ಇಂತಹ ಸರದಲ್ಲಿ ಕೂಡುವ ವಸ್ತುಗಳ ವಂಶಾವಳಿ ಸಾಮಾನ್ಯವಾದುದಲ್ಲ. ಕವಡೆ ಮಾಲ್ಡೀವ್ಸ್ ದ್ವೀಪಗಳ ಕಡಲಿನಿಂದ ಹೊರಟು, ಬಂಗಾಳದ ಪೇಟೆಗಳಲ್ಲಿ ಬಹುಕಾಲ ಚಿಲ್ಲರೆ ಹಣವಾಗಿ ನಡೆದುದು. 11.66 ಗ್ರಾಂ ತೂಗುತ್ತಿದ್ದ ಬೆಳ್ಳಿಯ ರೂಪಾಯಿಯಲ್ಲಿ 1939ರವರೆಗೆ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿಯಿದ್ದಿತು. ಯುದ್ಧಕಾಲದಲ್ಲಿ, 1940ರಿಂದ, ಅದು ಅರ್ಧಕ್ಕಿಳಿದು, 1947ರ ವೇಳೆಗೆ ರೂಪಾಯಿಯೇ ನಿಕಲ್ಲಾಯಿತು. ಹಿರಿಯರು ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ಅದರ ನಾದವನ್ನು ಆಲಿಸುತ್ತಿದ್ದುದು ವೃಥಾ ಅಲ್ಲ. 1943ರಿಂದ 1947ರವರೆಗೆ ಟಂಕಿಸಿದ, ನಡುವೆ ರಂಧ್ರವಿದ್ದ ಒಂದು ಪೈಸೆಯ ತೂತುಕಾಸಂತೂ, ಸರ್ಕಾರವೇ ಸರ ಪೋಣಿಸುವವರ ಮೇಲೆ ಕರುಣೆಯಿಟ್ಟು ಕೊರೆದು ಕಳುಹಿಸಿದಂತಿದೆ. ಇನ್ನು ಗಾಜಿನ ಕಿರುಮಣಿ: ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಕುಲುಮೆಯಿಂದ ಎಳೆದು, ತುಂಡರಿಸಿ, ಪುನಃ ಕಾಯಿಸಿ ಅಂಚನ್ನು ದುಂಡಾಗಿಸುವ, ಎರಡು ಸಾವಿರ ವರ್ಷಗಳ ಹಿಂದೆ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿದ್ದ ವಿದ್ಯೆ ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಬಾಳಿ ಬಂದಿದೆ. ಹಳೆಯ ಕಲ್ಲುಮಣಿಯಾದರೆ, ಎರಡು ತುದಿಗಳಿಂದ ಕೊರೆದ ರಂಧ್ರಗಳು ನಡುವೆ ಕೂಡುವಲ್ಲಿ ಉಳಿದ ಕಿರುಮೆಟ್ಟಿಲು ಕಣ್ಣಿಗೆ ಕಾಣದಿದ್ದರೂ ಸೂಜಿಗೆ ತಿಳಿಯುತ್ತದೆ.

ಹಂಪಿಯ ಬೀದಿಗಳಲ್ಲಿಯೂ ಗೋವೆಯ ಸಂತೆಗಳಲ್ಲಿಯೂ ಮಾರಾಟಕ್ಕೆ ಬರುವ ಇಂತಹ ಹಳೆಯ ತುಣುಕುಗಳನ್ನು ಕೊಂಡು ಹೊಸ ಸರಗಳನ್ನು ರಚಿಸುವ ನಗರದ ಕುಶಲಕರ್ಮಿಗಳು ಈಚೆಗೆ ಹೆಚ್ಚಿದ್ದಾರೆ. ಬಲ್ಲವರು ನಾಣ್ಯವನ್ನು ಕೊರೆಯದೆ ಅದರ ಅಂಚಿಗೆ ಕೊಂಡಿಯನ್ನು ಬೆಸೆಯುತ್ತಾರೆ. ಮೇಣ ಸವರಿದ ನೂಲಿನಲ್ಲಿ ಪ್ರತಿ ಮಣಿಯ ನಡುವೆಯೂ ಗಂಟು ಹಾಕಿ, ಒಂದು ಇನ್ನೊಂದನ್ನು ಸವೆಯಿಸದಂತೆ ನೋಡಿಕೊಳ್ಳುತ್ತಾರೆ. ತಲೆಮಾರುಗಳ ಬೆವರಿನಿಂದ ಬಂದ ಮಾಸಲು ಬಣ್ಣವನ್ನು ಉಜ್ಜಿ ಕಳೆಯುವುದಿಲ್ಲ. ಅವಸರದವರು ಇದಾವುದನ್ನೂ ಮಾಡರು. ಅದಕ್ಕಿಂತಲೂ ದೊಡ್ಡ ಅಪರಾಧವೆಂದರೆ, ಒಬ್ಬಳು ತಾಯಿ ಮಗಳಿಗೆಂದು ಪೋಣಿಸಿದ ಇಡೀ ಹಾರವನ್ನು, ನಾಲ್ಕು ಜೊತೆ ಓಲೆಗಳ ಲಾಭಕ್ಕಾಗಿ ಕತ್ತರಿಸಿ ಹಂಚುವುದು. ಉದುರಿದ ಮಣಿ, ದಾರ ಹರಿದ ಸರ, ಒಂಟಿಯಾಗಿ ಉಳಿದ ಓಲೆ, ಇವೇ ಈ ಕಲೆಗೆ ಯೋಗ್ಯವಾದ ಸಾಮಗ್ರಿ. ಮುರಿಯದೆ ಉಳಿದುದನ್ನು ಮುರಿದು ಮಾಡಿದ ಸೌಂದರ್ಯವನ್ನು ನಾನು ಕಲೆಯೆಂದು ಒಪ್ಪಲಾರೆ.

ಆದುದರಿಂದ ಕೊಳ್ಳುವ ಮುನ್ನ, ಇದರ ಮಣಿಗಳು ಯಾವ ಸರದಿಂದ ಬಂದುವು, ಆ ಸರ ಹರಿದಿತ್ತೇ ಅಥವಾ ಹರಿಯಲ್ಪಟ್ಟಿತೇ ಎಂಬ ಪ್ರಶ್ನೆಯನ್ನು ಓದುಗರು ಅಂಗಡಿಯವರಿಗೆ ಸಂಕೋಚವಿಲ್ಲದೆ ಕೇಳಬೇಕು.