ಹಾರ್ನ್ ಸದ್ದು ಎಲ್ಲಿ ಹೋಯಿತು?

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡಿನ ಹಿಂದೆ, ಗುಜರಿಗೆ ಹಾಕಲೆಂದು ಸುರಿದಿದ್ದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಲೇತ್ ಮಷಿನ್ನಿನಿಂದ ಬಿದ್ದ ಉಕ್ಕಿನ ಸಿಪ್ಪೆ. ಮೊಬೈಲನ್ನು ಗೇಣು ದೂರಕ್ಕೆ ತಂದು ನೋಡಿದರೆ, ಅಬ್ಬಾ! ಸುರುಳಿಯ ತುದಿಯಲ್ಲಿ ಒಣಹುಲ್ಲಿನ ಹಳದಿ, ನಡುವೆ ನೇರಳೆ, ಒಳಮೈಗೆ ನವಿಲಿನ ಕತ್ತಿನ ನೀಲಿ! ಯಾರೂ ಬಣ್ಣ ಬಳಿದಿಲ್ಲ. ಕೊರೆಯುವಾಗಿನ ಕಾವಿಗೆ ಉಕ್ಕಿನ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದ ಹಾಗೆಲ್ಲ ಅದರಿಂದ ಹೊಮ್ಮುವ ಬಣ್ಣ ಬದಲಾಗುತ್ತದೆ. ಫೋಟೊ ತೆಗೆದು ಎದ್ದೆ. ಹೊಸೂರು ರಸ್ತೆಯ ಹಾರ್ನುಗಳೆಲ್ಲ ಒಮ್ಮೆಲೇ ಕಿವಿಗೆ ನುಗ್ಗಿದವು. ಅಷ್ಟು ಹೊತ್ತು ಆ ಗದ್ದಲ ಎಲ್ಲಿ ಹೋಗಿತ್ತು?

ಉತ್ತರ ಹುಡುಕುತ್ತ ಹೋದವನಿಗೆ ಸಿಕ್ಕಿದ್ದು 2017ರ ಒಂದು ಅಧ್ಯಯನ. ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು ಒಂದಷ್ಟು ಜನರನ್ನು ಕ್ಯಾಮೆರಾ ಕೊಟ್ಟು, ಇನ್ನಷ್ಟು ಜನರನ್ನು ಬರಿಗೈಯಲ್ಲಿ ಮ್ಯೂಸಿಯಂ ನೋಡಲು ಕಳಿಸಿದ್ದರು. ಎಲ್ಲರ ಕಿವಿಗೂ ವಿವರಣೆಯ ಧ್ವನಿಮುದ್ರಿಕೆ. ಕ್ಯಾಮೆರಾ ಹಿಡಿದವರು ಕಂಡದ್ದನ್ನು ಹೆಚ್ಚು ನೆನಪಿಟ್ಟುಕೊಂಡಿದ್ದರು, ಕೇಳಿದ್ದನ್ನು ಕಡಿಮೆ. ತಾವು ಫೋಟೊ ತೆಗೆಯದೇ ಬಿಟ್ಟ ವಸ್ತುಗಳೂ ಅವರ ಕಣ್ಣಲ್ಲಿ ಉಳಿದಿದ್ದವು! ಇನ್ನೂ ಸೋಜಿಗವೆಂದರೆ, ಯಾವುದರ ಫೋಟೊ ತೆಗೆಯಬಹುದಿತ್ತು ಎಂದು ಮನಸ್ಸಿನಲ್ಲೇ ಆರಿಸಿಕೊಂಡರೂ ಸಾಕಿತ್ತು, ಹಾಗೆಯೇ ಆಗುತ್ತಿತ್ತು.

ಆದರೆ ಆಯ್ಕೆ ನಮ್ಮದೇ ಆಗಿರಬೇಕು. ಅದಕ್ಕೂ ಮೊದಲು ಲಿಂಡಾ ಹೆಂಕೆಲ್ ನಡೆಸಿದ ಪ್ರಯೋಗದಲ್ಲಿ, ಇದನ್ನು ತೆಗೆ ಎಂದು ಹೇಳಿಸಿಕೊಂಡು ತೆಗೆದವರಿಗೆ ಆ ವಸ್ತುಗಳು, ಬರೀ ನೋಡಿದವುಗಳಿಗಿಂತ ಕಡಿಮೆ ನೆನಪಿದ್ದವು. ಒಂದು ಭಾಗಕ್ಕೆ ಝೂಮ್ ಮಾಡಿದಾಗ ಮಾತ್ರ ನೆನಪು ಮಾಸಿರಲಿಲ್ಲ.

ಫೋಟೊ ಹುಚ್ಚು ಹತ್ತುವುದು ನೆನಪುಗಳನ್ನು ಕೂಡಿಡುವ ಆಸೆಗೆ ಎಂದು ನಾನು ನಂಬಿಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಒಮ್ಮೆ ಹಾಗೆ ಕಣ್ಣು ತೆರೆದರೆ ಮತ್ತೆ ಮತ್ತೆ ತೆರೆಯಬೇಕೆನಿಸುತ್ತದೆ, ಅಷ್ಟೇ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಇಡೀ ಬಾಳನ್ನು ಬೀದಿಯ ಜನರನ್ನು, ಮಕ್ಕಳನ್ನು ನೋಡುತ್ತ ಕಳೆದರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಯುನಿಸೆಫ್ ನ್ಯೂಯಾರ್ಕಿನಲ್ಲಿ ಏರ್ಪಡಿಸಿತ್ತು. ದಿನವೂ ನಮ್ಮ ಕಣ್ಣ ಮುಂದೆಯೇ ಓಡಾಡುವ ಮಕ್ಕಳವು!

ಮೊನ್ನೆ ಮತ್ತೆ ಬೊಮ್ಮಸಂದ್ರದ ಮೆಟ್ರೊ ನಿಲ್ದಾಣದಲ್ಲಿ ಇಳಿದಾಗ ಮೊಬೈಲಿನ ಚಾರ್ಜ್ ಮುಗಿದಿತ್ತು, ಮಳೆ ಆಗತಾನೇ ನಿಂತಿತ್ತು. ಕೆಳಗೆ ರಸ್ತೆಯ ಗುಂಡಿಯಲ್ಲಿ ನಿಂತ ನೀರಿನ ಮೇಲೆ ಡೀಸೆಲ್ ಹರಡಿತ್ತು. ಅದೇ ಹಳದಿ, ಅದೇ ನೇರಳೆ, ಅದೇ ನೀಲಿ! ಇಲ್ಲೂ ಒಂದು ತೆಳು ಪೊರೆಯದೇ ಆಟ. ಬಗ್ಗಿ ನಿಂತುಬಿಟ್ಟೆ. ಜೊತೆಗಿದ್ದ ಗೆಳೆಯ ಮೂರು ಸಲ ಕೂಗಿ ಕರೆದನಂತೆ. ನನಗೆ ಒಂದೂ ಕೇಳಿಸಿರಲಿಲ್ಲ.